ಒಂದೇ ಕುಂಡದಲ್ಲಿ ಪದರ ಪದರವಾಗಿ ವಸಂತದ ಹೂಗೆಡ್ಡೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಎರಡು ಮೂರು ಬಗೆಯ ಹೂಗೆಡ್ಡೆಗಳನ್ನು ಒಂದೇ ಕುಂಡದಲ್ಲಿ ಒಂದರ ಮೇಲೊಂದು ಪದರವಾಗಿ ನೆಟ್ಟು, ಚಳಿಗಾಲದ ಕೊನೆಯಿಂದ ವಸಂತ ಮುಗಿಯುವವರೆಗೆ ಸರದಿಯ ಮೇಲೆ ಹೂ ಪಡೆಯುವ ವಿಧಾನವಿದು. ನೆಡುವುದಕ್ಕೆ ಅರ್ಧ ಗಂಟೆ ಸಾಕು; ಅನುಮಾನಗಳು ಮಾತ್ರ ಮುಂದಿನ ಆರು ತಿಂಗಳೂ ಬರುತ್ತಲೇ ಇರುತ್ತವೆ. ಹೆಚ್ಚಿನವರು ಕೇಳುವುದು ಪದರಗಳ ಆಳದ ಬಗ್ಗೆ. ಆದರೆ ಆಳ ಒಂದೆರಡು ಸೆಂಟಿಮೀಟರ್ ಹೆಚ್ಚುಕಡಿಮೆಯಾದರೆ ಯಾವ ಗೆಡ್ಡೆಯೂ ಮುನಿಸಿಕೊಳ್ಳುವುದಿಲ್ಲ. ಒಂದೇ ಕುಂಡದಲ್ಲಿ ಕೂತ ಮೇಲೆ ಎಲ್ಲವೂ ಒಂದೇ ಚಳಿ, ಒಂದೇ ನೀರು ಹಂಚಿಕೊಂಡು ಬಾಳಬೇಕು. ಕುಂಡ ಕೈಕೊಡುವುದು ಈ ಲೆಕ್ಕ ತಪ್ಪಿದಾಗ. ಹಾಗಾಗಿ ಚಳಿ ಮತ್ತು ನೀರಿನ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಉದ್ದವಾಗಿದೆ.

ಮೇಲಿನ ಗೆಡ್ಡೆ ಕೆಳಗಿನದರ ಮೊಳಕೆಗೆ ಅಡ್ಡ ಬರುವುದಿಲ್ಲವೇ?

ಬರುತ್ತದೆ, ಆದರೆ ತಡೆಯುವುದಿಲ್ಲ. ಕೆಳಗಿನಿಂದ ಏರುವ ಮೊಳಕೆ ಮೇಲಿನ ಗೆಡ್ಡೆಗೆ ತಾಗಿದರೆ ಅದರ ಪಕ್ಕದಿಂದ ಬಾಗಿ, ಸಂದಿಯಲ್ಲಿ ನುಸುಳಿ, ಮತ್ತೆ ನೆಟ್ಟಗಾಗಿ ಮೇಲೆ ಬರುತ್ತದೆ. ವಸಂತ ಮುಗಿದ ಮೇಲೆ ಕುಂಡವನ್ನು ಬೋರಲು ಹಾಕಿ ಮಣ್ಣು ಬಿಡಿಸಿದರೆ ಇದು ಕಣ್ಣಿಗೇ ಕಾಣುತ್ತದೆ: ಟುಲಿಪ್‌ನ ಬಿಳಿ ದಂಟು ಡ್ಯಾಫೊಡಿಲ್ ಗೆಡ್ಡೆಯ ಹೊಟ್ಟೆಯನ್ನು ಬಳಸಿಕೊಂಡು ಬಿಲ್ಲಿನ ಹಾಗೆ ಬಾಗಿರುತ್ತದೆ, ಮಣ್ಣಿನಿಂದ ಹೊರಬಂದ ಭಾಗ ಮಾತ್ರ ನೇರ. ಆದ್ದರಿಂದ ಮೇಲಿನ ಗೆಡ್ಡೆಯನ್ನು ಕೆಳಗಿನದರ ನೆತ್ತಿಯ ಮೇಲೇ ಇಟ್ಟೆನೋ ಎಂದು ಅಳೆದು ಸುರಿದು ನೋಡುತ್ತ ಕೂರಬೇಕಾಗಿಲ್ಲ.

ಯಾವುದು ಕೆಳಗೆ, ಯಾವುದು ಮೇಲೆ?

ದೊಡ್ಡ ಗೆಡ್ಡೆ, ತಡವಾಗಿ ಹೂ ಬಿಡುವುದು ಕೆಳಗೆ. ಚಿಕ್ಕದು, ಬೇಗ ಹೂ ಬಿಡುವುದು ಮೇಲೆ. ಅದೃಷ್ಟಕ್ಕೆ ಈ ಎರಡೂ ಗುಣಗಳು ಸಾಮಾನ್ಯವಾಗಿ ಜೊತೆಯಲ್ಲೇ ಇರುತ್ತವೆ.

ತಳದಲ್ಲಿ ಟುಲಿಪ್, ಅಥವಾ ವಸಂತದ ಕೊನೆಗೆ ಅರಳುವ ಅಲಿಯಂ. ನಡುವೆ ಗಿಡ್ಡ ಜಾತಿಯ ಡ್ಯಾಫೊಡಿಲ್ ಅಥವಾ ಹಯಸಿಂತ್. ಮೇಲೆ ಕ್ರೋಕಸ್, ಮಸ್ಕರಿ, ಗಿಡ್ಡ ಐರಿಸ್ ರೆಟಿಕ್ಯುಲಾಟಾ, ಸ್ಕಿಲ್ಲಾ, ಸ್ನೋಡ್ರಾಪ್ ಇವುಗಳಲ್ಲಿ ಯಾವುದಾದರೂ ಒಂದು. ಹೀಗೆ ನೆಟ್ಟ ಕುಂಡದಲ್ಲಿ ಮೊದಲು ಕ್ರೋಕಸ್ ಅಥವಾ ಐರಿಸ್, ಆಮೇಲೆ ಡ್ಯಾಫೊಡಿಲ್ ಮತ್ತು ಹಯಸಿಂತ್, ಕೊನೆಗೆ ಟುಲಿಪ್ ಅರಳುತ್ತದೆ. ಮಸ್ಕರಿಯ ಹೂ ಸಾಕಷ್ಟು ದಿನ ನಿಲ್ಲುವುದರಿಂದ ಹಿಂದಿನವರಿಗೂ ಮುಂದಿನವರಿಗೂ ಸೇತುವೆಯಾಗುತ್ತದೆ.

ಕ್ರೋಕಸ್ ನಿಜವಾದ ಬಲ್ಬ್ ಅಲ್ಲ, ಗಟ್ಟಿ ಕಂದ. ಈರುಳ್ಳಿಯಂಥ ಎಸಳುಗಳು ಅದರಲ್ಲಿಲ್ಲ. ವಸಂತದ ಇನ್ನೊಂದು ಹೂವಾದ ಅನಿಮೋನಿ ಬ್ಲಾಂಡಾದ್ದು ಸುಕ್ಕುಗಟ್ಟಿದ ಕಪ್ಪು ಗಡ್ಡೆ. ನೆಡುವ ರೀತಿ ಒಂದೇ ಆದ್ದರಿಂದ ಇಲ್ಲಿ ಎಲ್ಲವನ್ನೂ ಗೆಡ್ಡೆ ಎಂದೇ ಕರೆಯಲಾಗಿದೆ.

ಎಷ್ಟು ಪದರ ಹಾಕಬಹುದು? ನಾಲ್ಕು, ಐದು?

ಮೂರಕ್ಕಿಂತ ಹೆಚ್ಚು ಬೇಡ. ಮೊದಲ ಸಲ ನೆಡುವವರಿಗೆ ನಮ್ಮ ಸಲಹೆ ಎರಡೇ ಪದರ. ಚಿತ್ರಗಳಲ್ಲಿ ಐದು ಪದರದ ಕುಂಡ ಬಹಳ ಚೆನ್ನಾಗಿ ಕಾಣುತ್ತದೆ, ಏಕೆಂದರೆ ಆ ಚಿತ್ರ ನೆಡುವ ದಿನ ತೆಗೆದದ್ದು. ಏಪ್ರಿಲ್ ಹೊತ್ತಿಗೆ ಅದೇ ಕುಂಡದಲ್ಲಿ ಮುಗಿದ ಕ್ರೋಕಸ್‌ನ ಹಳದಿ ಎಲೆ, ಡ್ಯಾಫೊಡಿಲ್‌ನ ಜೋತುಬಿದ್ದ ಎಲೆ, ಹಯಸಿಂತ್‌ನ ಒಣಗಿದ ದಂಟು ಇವೆಲ್ಲದರ ನಡುವೆ ಟುಲಿಪ್ ಇಣುಕುತ್ತಿರುತ್ತದೆ. ಹೂ ಸರದಿಯ ಮೇಲೆ ಬರುತ್ತದೆ ನಿಜ, ಆದರೆ ಹೂ ಮುಗಿದ ಎಲೆಗಳು ಸರದಿಯ ಮೇಲೆ ಜಾಗ ಖಾಲಿ ಮಾಡುವುದಿಲ್ಲ. ಪದರ ಹೆಚ್ಚಿದಷ್ಟೂ ಈ ಬಾಡಿದ ಎಲೆಗಳ ರಾಶಿಯೂ ಹೆಚ್ಚುತ್ತದೆ.

ಟುಲಿಪ್ ಮತ್ತು ಕ್ರೋಕಸ್ ಎರಡೇ ಹಾಕಿದ ಕುಂಡ ಅಚ್ಚುಕಟ್ಟಾಗಿ ಕಾಣುತ್ತದೆ. ಕ್ರೋಕಸ್‌ನ ಎಲೆ ಹುಲ್ಲಿನ ಗರಿಯಷ್ಟೇ ಸಣ್ಣದು. ಟುಲಿಪ್‌ನ ಅಗಲ ಎಲೆ ಬಂದಾಗ ಅದರಡಿಯಲ್ಲಿ ಅಡಗಿಹೋಗುತ್ತದೆ.

ಎಷ್ಟು ದೊಡ್ಡ ಕುಂಡ ಬೇಕು?

ಎರಡು ಪದರಕ್ಕೆ ಕನಿಷ್ಠ 30 ಸೆಂ.ಮೀ. ಆಳ, ಮೂರಕ್ಕೆ 40 ಸೆಂ.ಮೀ. ಬಾಯಿಯೂ ಅಷ್ಟೇ ಅಗಲವಿರಲಿ. ಕುಂಡ ದೊಡ್ಡದಾದಷ್ಟೂ ಮಣ್ಣು ಬೇಗ ಕಾಯುವುದಿಲ್ಲ, ಬೇಗ ಹೆಪ್ಪುಗಟ್ಟುವುದೂ ಇಲ್ಲ, ಬೇಗ ಒಣಗುವುದೂ ಇಲ್ಲ. ತಳದಲ್ಲಿ ತೂತು ಇರಲೇಬೇಕು. ತೂತಿಲ್ಲದ ಅಂದದ ಕುಂಡವೇ ಇಷ್ಟವಾದರೆ ಪ್ಲಾಸ್ಟಿಕ್ ಕುಂಡದಲ್ಲಿ ನೆಟ್ಟು ಹೂ ಬರುವಾಗ ಅದರೊಳಗೆ ಇಳಿಸಿ.

ಸುಟ್ಟ ಮಣ್ಣಿನ ಕುಂಡದ ಗೋಡೆಯಿಂದ ತೇವ ಆರುತ್ತದೆ. ನೀರು ಹೆಚ್ಚು ಹಾಕುವ ಕೈಯವರಿಗೆ ಇದು ಒಳ್ಳೆಯದು. ಆದರೆ ಹಿಮ ಬೀಳುವ ಕಡೆ ಗೋಡೆಯೊಳಗಿನ ನೀರು ಹೆಪ್ಪುಗಟ್ಟಿ ಹಿಗ್ಗಿದಾಗ ಅಗ್ಗದ ಕುಂಡಗಳು ಬಿರಿಯುತ್ತವೆ.

ತಳಕ್ಕೆ ಒಡೆದ ಹೆಂಚು, ಜಲ್ಲಿ ಹಾಕಬೇಕೇ?

ಬೇಡ. ನೀರು ಚೆನ್ನಾಗಿ ಬಸಿಯುತ್ತದೆ ಎಂದು ತಲೆತಲಾಂತರದಿಂದ ಹಾಕುತ್ತ ಬಂದಿದ್ದಾರೆ, ಆದರೆ ಆಗುವುದು ಇದಕ್ಕೆ ತಿರುಗುಮುರುಗು. ಸಣ್ಣ ಕಣದ ಮಣ್ಣಿನಿಂದ ದೊಡ್ಡ ಸಂದುಗಳಿರುವ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಮಣ್ಣು ಪೂರ್ತಿ ನೆನೆದು ಸೊಕ್ಕುವ ತನಕ ಜಲ್ಲಿಯ ಮೇಲೇ ತಡೆದು ನಿಲ್ಲುತ್ತದೆ. ಕುಂಡದ ತಳದಲ್ಲಿ ಹೇಗಿದ್ದರೂ ಇರುವ ಒದ್ದೆ ಪಟ್ಟಿ ಇದರಿಂದ ಅಷ್ಟು ಮೇಲಕ್ಕೆ, ಅಂದರೆ ಟುಲಿಪ್‌ನ ಬುಡಕ್ಕೇ ಏರುತ್ತದೆ. ಮಣ್ಣು ಸೋರದಂತೆ ತೂತಿನ ಮೇಲೆ ಜಾಲರಿಯ ತುಂಡೊಂದನ್ನು ಮುಚ್ಚಿದರೆ ಸಾಕು. ಅದಕ್ಕಿಂತ ಮುಖ್ಯವಾದದ್ದು ಕುಂಡವನ್ನು ಇಟ್ಟಿಗೆ ಚೂರುಗಳ ಮೇಲೆ ನೆಲದಿಂದ ಎರಡು ಬೆರಳು ಎತ್ತಿ ಇಡುವುದು. ಸಪಾಟು ನೆಲಕ್ಕೆ ಅಂಟಿ ಕೂತ ಕುಂಡದ ತೂತು ಇದ್ದೂ ಇಲ್ಲದಂತೆ. ಚಳಿಗಾಲದಲ್ಲಿ ತಟ್ಟೆಯನ್ನೂ ತೆಗೆದುಬಿಡಿ.

ಮಣ್ಣಿನ ಮಿಶ್ರಣ ಹೇಗಿರಬೇಕು?

ಕುಂಡದ ಗಿಡಗಳಿಗೆ ಬಳಸುವ ಯಾವುದೇ ಸಾಮಾನ್ಯ ಮಿಶ್ರಣ ಮೂರು ಪಾಲು, ಪರ್ಲೈಟ್ (ಮಣ್ಣು ಸಡಿಲಾಗಿಸುವ ಹಗುರ ಬಿಳಿ ಹರಳು) ಅಥವಾ ತೊಳೆದ ದಪ್ಪ ಮರಳು ಒಂದು ಪಾಲು. ಹಿಡಿ ಮಣ್ಣನ್ನು ಒದ್ದೆ ಮಾಡಿ ಅಮುಕಿ ಬಿಟ್ಟಾಗ ಉಂಡೆ ತಾನಾಗಿ ಬಿರಿದು ಉದುರಬೇಕು. ಹಸಿ ಗೊಬ್ಬರ ಬೇಡ. ಈ ವರ್ಷದ ಹೂವಿಗೆ ಬೇಕಾದ ಆಹಾರ ಗೆಡ್ಡೆಯೊಳಗೇ ಇದೆ. ಹೊರಗಿನಿಂದ ಬೇಕಾದದ್ದು ಬೇರೂರಲು ಜಾಗ, ತೇವ ಮತ್ತು ಗಾಳಿ.

ನೆಡುವ ಕ್ರಮವನ್ನು ಅಳತೆ ಸಮೇತ ಹೇಳಿ.

40 ಸೆಂ.ಮೀ. ಆಳದ, ಅಷ್ಟೇ ಬಾಯಿಯ ಕುಂಡ ಎಂದುಕೊಳ್ಳೋಣ. ತಳದಿಂದ 12 ಸೆಂ.ಮೀ. ಮಿಶ್ರಣ ತುಂಬಿ ಅಂಗೈಯಿಂದ ಹಗುರವಾಗಿ ಒತ್ತಿ. ಅದರ ಮೇಲೆ 15ರಿಂದ 20 ಟುಲಿಪ್ ಗೆಡ್ಡೆಗಳನ್ನು ಚೂಪು ತುದಿ ಮೇಲೆ ಬರುವಂತೆ ಕೂರಿಸಿ. ಚಪ್ಪಟೆ ಬುಡವನ್ನು ಮಣ್ಣಿಗೆ ಸ್ವಲ್ಪ ತಿರುಗಿಸಿ ಒತ್ತಿದರೆ ಮಿಶ್ರಣ ಸುರಿಯುವಾಗ ಉರುಳುವುದಿಲ್ಲ. ತುದಿಗಳು ಮುಳುಗಿ ಅದರ ಮೇಲೆ 4 ಸೆಂ.ಮೀ. ಬರುವಷ್ಟು ಮಿಶ್ರಣ ಹಾಕಿ. ನಂತರ 12ರಿಂದ 15 ಗಿಡ್ಡ ಡ್ಯಾಫೊಡಿಲ್, ಮತ್ತೆ 4 ಸೆಂ.ಮೀ. ಮಿಶ್ರಣ. ಆಮೇಲೆ 20ರಿಂದ 25 ಕ್ರೋಕಸ್, ಅದರ ಮೇಲೆ 6 ಸೆಂ.ಮೀ. ಮಿಶ್ರಣ. ಅಂಚಿನಿಂದ 3 ಸೆಂ.ಮೀ. ಖಾಲಿ ಉಳಿಯಬೇಕು, ಇಲ್ಲವಾದರೆ ನೀರು ಹೊರಗೆ ಚೆಲ್ಲುತ್ತದೆ. ಕೊನೆಗೆ ತೂತಿನಿಂದ ನೀರು ಬರುವವರೆಗೆ ಒಮ್ಮೆ ಚೆನ್ನಾಗಿ ನೀರು ಹಾಕಿ.

ಯಾವ ಗೆಡ್ಡೆ ಎಲ್ಲಿದೆ ಎಂಬುದು ಒಂದು ತಿಂಗಳಲ್ಲಿ ಮರೆತುಹೋಗುತ್ತದೆ. ಹೆಸರು ಮತ್ತು ನೆಟ್ಟ ದಿನಾಂಕ ಬರೆದ ಪಟ್ಟಿಯೊಂದನ್ನು ಕುಂಡದ ಅಂಚಿಗೆ ಸಿಕ್ಕಿಸಿಡಿ. ಪೆನ್ಸಿಲ್‌ನಲ್ಲಿ ಬರೆದದ್ದು ಮಳೆಗೆ ಅಳಿಸುವುದಿಲ್ಲ.

ಗೆಡ್ಡೆಗಳ ನಡುವೆ ಎಷ್ಟು ಅಂತರ?

ನೆಲದಲ್ಲಿ ನೆಡುವುದಕ್ಕಿಂತ ಬಹಳ ಹತ್ತಿರ. ಒಂದಕ್ಕೊಂದು ತಾಗಬಾರದು, ಕುಂಡದ ಗೋಡೆಗೂ ತಾಗಬಾರದು. ಎರಡರ ನಡುವೆ ಒಂದು ಬೆರಳು ತೂರಿದರೆ ಸಾಕು. ತಾಗಿಕೊಂಡಿದ್ದರೆ ಒಂದಕ್ಕೆ ಹಿಡಿದ ಕೊಳೆ ಪಕ್ಕದ್ದಕ್ಕೂ ಹಬ್ಬುತ್ತದೆ.

ತಲೆಕೆಳಗಾಗಿ ನೆಟ್ಟುಬಿಟ್ಟರೆ?

ಸಾಯುವುದಿಲ್ಲ. ಮೊಳಕೆ ತಿರುವು ತೆಗೆದುಕೊಂಡು ಮೇಲೆ ಬರುತ್ತದೆ, ಸ್ವಲ್ಪ ತಡವಾಗುತ್ತದೆ ಅಷ್ಟೆ. ಅನಿಮೋನಿ ಬ್ಲಾಂಡಾದ ಗಡ್ಡೆಗೆ ಮುಖ ಯಾವುದು, ಬುಡ ಯಾವುದು ಎಂದು ಹೇಳುವುದು ಅನುಭವಿಗಳಿಗೂ ಕಷ್ಟ. ರಾತ್ರಿ ನೀರಲ್ಲಿ ನೆನೆಸಿ ಬೆಳಿಗ್ಗೆ ಅಡ್ಡಡ್ಡ ಮಲಗಿಸಿ ನೆಡಿ.

ಯಾವಾಗ ನೆಡಬೇಕು?

ಉತ್ತರ ಗೋಳಾರ್ಧದಲ್ಲಿ ಸೆಪ್ಟೆಂಬರ್‌ನಿಂದ ನವೆಂಬರ್, ದಕ್ಷಿಣ ಗೋಳಾರ್ಧದಲ್ಲಿ ಮಾರ್ಚ್‌ನಿಂದ ಮೇ ಕೊನೆಯವರೆಗೆ. ಇಲ್ಲೊಂದು ಸಣ್ಣ ತಿಕ್ಕಾಟವಿದೆ. ಡ್ಯಾಫೊಡಿಲ್ ಮತ್ತು ಕ್ರೋಕಸ್ ಬೇಗ ನೆಟ್ಟಷ್ಟೂ ಚೆನ್ನಾಗಿ ಬೇರು ಬಿಡುತ್ತವೆ. ಟುಲಿಪ್ ಮಾತ್ರ ಮಣ್ಣು ತಣ್ಣಗಾದ ಮೇಲೆ ನೆಡುವುದು ಲೇಸು, ಏಕೆಂದರೆ ಬೆಚ್ಚಗಿನ ಒದ್ದೆ ಮಣ್ಣಿನಲ್ಲಿ ಅದಕ್ಕೆ ಬೂಷ್ಟು ರೋಗ ಹತ್ತುತ್ತದೆ. ಪದರದ ಕುಂಡದಲ್ಲಿ ಎಲ್ಲವೂ ಒಂದೇ ದಿನ ಮಣ್ಣು ಸೇರಬೇಕಾದ್ದರಿಂದ ನಡುದಾರಿ ಹಿಡಿಯಿರಿ: ಉತ್ತರದಲ್ಲಿ ಅಕ್ಟೋಬರ್ ಕೊನೆಯಿಂದ ನವೆಂಬರ್ ನಡುವಿನವರೆಗೆ. ತಡವಾಗಿಬಿಟ್ಟಿತು ಎಂದು ಗೆಡ್ಡೆಗಳನ್ನು ಮುಂದಿನ ವರ್ಷಕ್ಕೆ ಎತ್ತಿಡಬೇಡಿ. ಡಿಸೆಂಬರ್‌ನಲ್ಲಿ ನೆಟ್ಟ ಟುಲಿಪ್ ಬರಬಹುದು. ಡಬ್ಬಿಯಲ್ಲಿ ಒಂದು ವರ್ಷ ಕಳೆದದ್ದು ಬರುವುದಿಲ್ಲ.

ಇವುಗಳಿಗೆ ಚಳಿ ಏಕೆ ಬೇಕು?

ಶರತ್ಕಾಲದಲ್ಲಿ ಒಂದು ಟುಲಿಪ್ ಗೆಡ್ಡೆಯನ್ನು ತುದಿಯಿಂದ ಬುಡಕ್ಕೆ ಸೀಳಿ ನೋಡಿ. ದಪ್ಪ ಬಿಳಿ ಎಸಳುಗಳ ನಡುವೆ ಹಳದಿ ಛಾಯೆಯ ಸಣ್ಣ ಮೊಳಕೆ ಇರುತ್ತದೆ. ಸೂಜಿಮೊನೆಯಿಂದ ಅದರ ಎಲೆಗಳನ್ನು ಬಿಡಿಸಿ ಭೂತಗನ್ನಡಿ ಹಿಡಿದರೆ ಒಳಗೆ ಕೆಲವೇ ಮಿಲಿಮೀಟರ್ ಉದ್ದದ ಇಡೀ ಹೂ ಕಾಣುತ್ತದೆ: ಆರು ದಳ, ಆರು ಕೇಸರ, ನಡುವೆ ಮೂರು ಮೂಲೆಯ ಅಂಡಾಶಯ. ಹೂ ಆಗಲೇ ತಯಾರಾಗಿದೆ. ಆಗಬೇಕಾದದ್ದು ದಂಟು ಉದ್ದವಾಗಿ ಅದನ್ನು ಮೇಲಕ್ಕೆ ಎತ್ತುವುದು. ವಾರಗಟ್ಟಲೆ ತಣ್ಣಗಿದ್ದ ಮೇಲಷ್ಟೇ ಗೆಡ್ಡೆ ಅದಕ್ಕೆ ಸಿದ್ಧವಾಗುತ್ತದೆ. ಚಳಿ ಸಾಲದಿದ್ದರೆ ದಂಟು ಗಿಡ್ಡವಾಗಿಯೇ ಉಳಿದು ಹೂ ಎಲೆಗಳ ನಡುವೆ ಬುಡದಲ್ಲೇ ಅರಳುತ್ತದೆ, ಇಲ್ಲವೇ ಮೊಗ್ಗಿನಲ್ಲೇ ಒಣಗುತ್ತದೆ.

ಟುಲಿಪ್‌ನ ಕಾಡುಜಾತಿಗಳ ಒಂದು ದೊಡ್ಡ ನೆಲೆ ಮಧ್ಯ ಏಷ್ಯಾದ ಟಿಯಾನ್‌ಶಾನ್, ಪಾಮಿರ್ ಪರ್ವತಗಳು. ಅಲ್ಲಿ ಬೇಸಿಗೆ ಬಿಸಿಯಾಗಿ ಒಣಗಿರುತ್ತದೆ, ಚಳಿಗಾಲ ಕಡು. ಚಳಿಯ ದಿನಗಳು ಕಳೆದವೆಂದು ಖಚಿತವಾಗುವವರೆಗೆ ತಲೆ ಎತ್ತದಿರುವುದು ಆ ಬೆಟ್ಟಗಳಲ್ಲಿ ಬದುಕುವ ಉಪಾಯ. ಕುಂಡಕ್ಕೆ ಬಂದರೂ ಗೆಡ್ಡೆ ಆ ಅಭ್ಯಾಸ ಬಿಟ್ಟಿಲ್ಲ.

ಎಷ್ಟು ವಾರದ ಚಳಿ ಬೇಕು?

ಸುಮಾರು 4ರಿಂದ 9 ಡಿಗ್ರಿ ಸೆಲ್ಸಿಯಸ್‌ನಲ್ಲಿ ಟುಲಿಪ್‌ಗೆ 12ರಿಂದ 16 ವಾರ, ಡ್ಯಾಫೊಡಿಲ್‌ಗೆ 12ರಿಂದ 15 ವಾರ, ಹಯಸಿಂತ್‌ಗೆ 10ರಿಂದ 14 ವಾರ. ಕ್ರೋಕಸ್ ಮತ್ತು ಮಸ್ಕರಿಗೆ ಇದಕ್ಕಿಂತ ಕಡಿಮೆಯಾದರೂ ನಡೆಯುತ್ತದೆ. ಒಂದೇ ಕುಂಡದಲ್ಲಿರುವಾಗ ಲೆಕ್ಕ ಹಾಕಬೇಕಾದದ್ದು ಹೆಚ್ಚು ಬೇಡುವ ಗೆಡ್ಡೆಯದು. ಕ್ರೋಕಸ್ ಚಿಗುರಿತೆಂದು ಕುಂಡವನ್ನು ಬೆಚ್ಚಗಿನ ಕೋಣೆಗೆ ತಂದರೆ ಅದೇನೋ ಚೆನ್ನಾಗಿ ಅರಳಬಹುದು, ಕೆಳಗಿನ ಟುಲಿಪ್ ಮಾತ್ರ ಅರ್ಧ ನಿದ್ದೆಯಲ್ಲಿ ಎದ್ದಂತಾಗುತ್ತದೆ. ಮನೆಯೊಳಗೆ ಬೇಗ ಹೂ ಬೇಕೆನ್ನುವವರು ಒಂದು ಕುಂಡಕ್ಕೆ ಒಂದೇ ಬಗೆ ನೆಡುವುದು ಒಳ್ಳೆಯದು. ಪದರದ ಕುಂಡದ ಜಾಗ ಹೊರಗೆ.

ಫ್ರಿಜ್‌ನಲ್ಲಿ ಚಳಿ ಕೊಡಬಹುದೇ?

ಕೊಡಬಹುದು. ಚಳಿಗಾಲ ಬೆಚ್ಚಗಿರುವ ಕಡೆ ಇದೊಂದೇ ದಾರಿ. ಗೆಡ್ಡೆಗಳನ್ನು ಕಾಗದದ ಚೀಲದಲ್ಲೋ ಬಲೆಯ ಚೀಲದಲ್ಲೋ ಹಾಕಿ ಕೆಳಗಿನ ಅರೆಯಲ್ಲಿಡಿ. ಪ್ಲಾಸ್ಟಿಕ್ ಚೀಲ ಬೇಡ, ಒಳಗೆ ಬೆವೆತು ಬೂಷ್ಟು ಹಿಡಿಯುತ್ತದೆ. ಫ್ರೀಜರ್‌ನಲ್ಲಿ ಇಟ್ಟರೆ ಒಳಗಿನ ನೀರು ಹೆಪ್ಪುಗಟ್ಟಿ ಗೆಡ್ಡೆ ಸತ್ತೇಹೋಗುತ್ತದೆ.

ಹೆಚ್ಚಿನವರು ಎಡವುವುದು ಹಣ್ಣಿನ ವಿಷಯದಲ್ಲಿ. ಸೇಬು, ಪೇರ್, ಬಾಳೆಯಂಥ ಮಾಗುವ ಹಣ್ಣುಗಳು ಎಥಿಲೀನ್ ಅನಿಲ ಬಿಡುತ್ತವೆ. ಬಣ್ಣವಿಲ್ಲ, ಫ್ರಿಜ್‌ನಲ್ಲಿರುವಷ್ಟಕ್ಕೆ ವಾಸನೆಯೂ ತಿಳಿಯುವುದಿಲ್ಲ, ಆದರೆ ಗೆಡ್ಡೆಯೊಳಗಿನ ಆ ಪುಟ್ಟ ಹೂವನ್ನು ಅದು ಅಲ್ಲಿಯೇ ಸಾಯಿಸುತ್ತದೆ. ಟುಲಿಪ್‌ಗೆ ಇದರ ಪೆಟ್ಟು ಹೆಚ್ಚು. ಹೊರಗಿನಿಂದ ನೋಡಿದರೆ ಗೆಡ್ಡೆ ಗಟ್ಟಿಯಾಗಿಯೇ ಇರುತ್ತದೆ, ನೆಟ್ಟರೆ ಎಲೆಯೂ ಬರುತ್ತದೆ. ಹೂವಿನ ಜಾಗದಲ್ಲಿ ಒಣಗಿದ ಹಾಳೆಯಂಥ ಚೂರು ಕಂಡಾಗಲೇ ಗೊತ್ತಾಗುವುದು. ಗೆಡ್ಡೆ ಇರುವಷ್ಟು ದಿನ ಆ ಫ್ರಿಜ್‌ಗೆ ಹಣ್ಣು ಬೇಡ. ಅದಾಗದ ಮನೆಯಲ್ಲಿ ಗೆಡ್ಡೆ ಇಡಲು ಹೋಗದಿರುವುದೇ ವಾಸಿ.

ಪದರದ ಕುಂಡಕ್ಕಾಗಿ ಇಡುವಾಗ ಬೇರೆ ಬೇರೆ ಚೀಲ ಮಾಡಿ, ಹೆಚ್ಚು ವಾರ ಬೇಕಾದ ಟುಲಿಪ್ ಮತ್ತು ಡ್ಯಾಫೊಡಿಲ್‌ಗಳನ್ನು ಮೊದಲು, ಹಯಸಿಂತ್ ಆಮೇಲೆ, ಕ್ರೋಕಸ್ ಕೊನೆಗೆ ಒಳಗಿಡಿ. ಎಲ್ಲದರ ಗಡುವೂ ಒಂದೇ ದಿನ ಮುಗಿಯುವಂತಿರಲಿ. ಹೊರತೆಗೆದ ದಿನವೇ ನೆಡಬೇಕು. ವಾರಗಟ್ಟಲೆ ಬೆಚ್ಚಗಿನ ಕೋಣೆಯಲ್ಲಿ ಬಿಟ್ಟರೆ ಕೊಟ್ಟ ಚಳಿಯೆಲ್ಲ ವ್ಯರ್ಥವಾಗುತ್ತದೆ. ಹೊರತೆಗೆಯುವ ದಿನ ನಿಮ್ಮ ಊರಿನ ಅತಿ ತಂಪು ಕಾಲಕ್ಕೆ ಬೀಳುವಂತೆ ಹಿಂದಿನಿಂದ ಎಣಿಸಿಕೊಂಡು ಬನ್ನಿ.

ಚಳಿಯೇ ಇಲ್ಲದ ಜಾಗದಲ್ಲಿ ಬೇರೆ ಯಾವುದನ್ನು ಪದರವಾಗಿ ನೆಡಬಹುದು?

ಫ್ರಿಜ್‌ನ ಗೋಜು ಬೇಡವೆನ್ನುವವರಿಗೆ ಪೇಪರ್‌ವೈಟ್ ನಾರ್ಸಿಸಸ್ ಇದೆ. ಡ್ಯಾಫೊಡಿಲ್‌ನ ಬಳಗದ್ದೇ, ಚಳಿ ಬೇಡ, ನೆಟ್ಟ ನಾಲ್ಕರಿಂದ ಆರು ವಾರಕ್ಕೆ ಗೊಂಚಲು ಬಿಳಿ ಹೂ ಬಿಡುತ್ತದೆ. ಘಮ ಗಾಢ, ಕೆಲವರಿಗೆ ತಲೆನೋವು ತರಿಸುವಷ್ಟು ಗಾಢ. ಅದನ್ನು ಕೆಳಗಿಟ್ಟು, ಮೇಲೆ ಫ್ರೀಸಿಯಾ, ರನನ್‌ಕ್ಯುಲಸ್ ಅಥವಾ ಅನಿಮೋನಿ ಕೊರೊನೇರಿಯಾ ನೆಡಬಹುದು. ಇವಕ್ಕೂ ರಾತ್ರಿ ತಂಪಾಗಿದ್ದರೆ ಇಷ್ಟ, ಆದರೆ ಟುಲಿಪ್‌ನಷ್ಟು ಹಟವಿಲ್ಲ. ಇಲ್ಲಿ ಪೇಪರ್‌ವೈಟ್ ಮೊದಲು ಮುಗಿದು ಮೇಲಿನವು ಆಮೇಲೆ ಅರಳುವುದರಿಂದ ಬೇಗ-ತಡದ ನಿಯಮ ಹಿಂದುಮುಂದಾಗುತ್ತದೆ. ಗಾತ್ರದ ನಿಯಮ ಹಾಗೆಯೇ ಉಳಿಯುತ್ತದೆ. ರನನ್‌ಕ್ಯುಲಸ್‌ನ ಗಡ್ಡೆಗೆ ಉಗುರುಗಳಂಥ ಚಾಚುಗಳಿವೆ, ಅವು ಕೆಳಮುಖವಾಗಿರಬೇಕು.

ಅಮರಿಲ್ಲಿಸ್ ಎಂದು ಮಾರುವ ಹಿಪಿಯಾಸ್ಟ್ರಂ ಚಳಿ ಬೇಡುವುದಿಲ್ಲ. ಆದರೆ ಅದರ ಕುತ್ತಿಗೆ ಮಣ್ಣಿನ ಮೇಲಿರಬೇಕಾದ್ದರಿಂದ ಪದರಕ್ಕೆ ಒಗ್ಗುವುದಿಲ್ಲ.

ನೀರು ಎಷ್ಟು ದಿನಕ್ಕೊಮ್ಮೆ?

ದಿನದ ಲೆಕ್ಕದಲ್ಲಿ ನೀರು ಹಾಕುವವರ ಗೆಡ್ಡೆಯೇ ಹೆಚ್ಚು ಕೊಳೆಯುವುದು. ತೋರುಬೆರಳನ್ನು ಎರಡನೆಯ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ; ತುದಿಗೆ ತೇವ ತಾಗಿದರೆ ನೀರು ಬೇಡ. ಪದರದ ಕುಂಡದಲ್ಲಿ ಇದಷ್ಟೇ ಸಾಲದು, ಏಕೆಂದರೆ ಮೇಲೆ ಕ್ರೋಕಸ್ ಒಣಗಿರುವಾಗಲೂ ತಳದಲ್ಲಿ ಟುಲಿಪ್ ತೊಯ್ದು ಕೂತಿರಬಹುದು. ಕುಂಡದ ಒಂದು ಅಂಚನ್ನು ಹಿಡಿದು ಸ್ವಲ್ಪ ಓರೆ ಮಾಡಿ ತೂಕ ನೋಡುವುದನ್ನು ರೂಢಿ ಮಾಡಿಕೊಳ್ಳಿ. ಒದ್ದೆ ಕುಂಡಕ್ಕೂ ಒಣಗಿದ ಕುಂಡಕ್ಕೂ ಇರುವ ವ್ಯತ್ಯಾಸ ಕೆಲವೇ ಸಲಕ್ಕೆ ಕೈಗೆ ತಿಳಿಯುತ್ತದೆ.

ನೆಟ್ಟ ದಿನ ಒಮ್ಮೆ ಧಾರಾಳವಾಗಿ. ಆಮೇಲೆ ಚಿಗುರು ಕಾಣುವವರೆಗೆ ಮಣ್ಣು ಪೂರ್ತಿ ಒಣಗದಷ್ಟು ಮಾತ್ರ. ಮಳೆ ಬೀಳುವ ಜಾಗದಲ್ಲಿ ಏನೂ ಹಾಕಬೇಕಿಲ್ಲದಿರಬಹುದು. ಸೂರಿನಡಿ ಇಟ್ಟ ಕುಂಡವನ್ನು ಮಾತ್ರ ಮರೆಯಬೇಡಿ: ಹೊರಗೆ ಮಳೆ ಸುರಿಯುತ್ತಿದ್ದರೂ ಅದಕ್ಕೆ ಹನಿಯೂ ಬಿದ್ದಿರುವುದಿಲ್ಲ, ಬೇರು ಬಿಡುವ ಹೊತ್ತಿನಲ್ಲಿ ನೀರಿಲ್ಲದೆ ಒಣಗಿದ ಗೆಡ್ಡೆಗೆ ಮೊಗ್ಗು ಕಟ್ಟಲು ಶಕ್ತಿ ಸಾಲುವುದಿಲ್ಲ. ಎಲೆ ಬಂದು ಮೊಗ್ಗು ಕಂಡ ಮೇಲೆ ಕಥೆಯೇ ಬೇರೆ. ಮೂರು ಪದರದ ಬೇರುಗಳು ಒಟ್ಟಿಗೆ ಕುಡಿಯುತ್ತವೆ. ಬಿಸಿಲಿನ ದಿನಗಳಲ್ಲಿ ಪ್ರತಿದಿನವೂ ಬೇಕಾಗಬಹುದು.

ಹಿಮ ಬೀಳುವ ಕಡೆ ಕುಂಡಕ್ಕೆ ಹೊದಿಕೆ ಬೇಕೇ?

ನೆಲದಲ್ಲಿರುವ ಗೆಡ್ಡೆಗೆ ಚಳಿ ಮೇಲಿನಿಂದ ಮಾತ್ರ ಬರುತ್ತದೆ, ಕುಂಡದ್ದಕ್ಕೆ ಸುತ್ತಲಿಂದಲೂ. ಸಾಧಾರಣ ಹಿಮಕ್ಕೆ ಇವು ಹೆದರುವುದಿಲ್ಲ. ವಾರಗಟ್ಟಲೆ ಶೂನ್ಯಕ್ಕಿಂತ ಕೆಳಗಿರುವ ಕಡೆ ಕುಂಡಗಳನ್ನು ಗೋಡೆ ಬದಿಗೆ ಒತ್ತೊತ್ತಾಗಿ ಸೇರಿಸಿ, ಸುತ್ತ ಗೋಣಿಯನ್ನೋ ಗುಳ್ಳೆ ಪ್ಲಾಸ್ಟಿಕ್ಕನ್ನೋ ಸುತ್ತಿ. ಅದಕ್ಕೂ ಮೀರಿದ ಚಳಿಯಿದ್ದರೆ ಹೀಟರ್ ಇಲ್ಲದ ಗ್ಯಾರೇಜ್ ಅಥವಾ ಕೊಟ್ಟಿಗೆಗೆ ಸಾಗಿಸಿ. ಚಿಗುರು ಬರುವವರೆಗೆ ಕತ್ತಲೆಯಾದರೂ ಚಿಂತೆಯಿಲ್ಲ.

ಅಳಿಲು, ಇಲಿ ಬಗೆದು ತಿನ್ನುತ್ತವೆ. ಏನು ಮಾಡಲಿ?

ಕ್ರೋಕಸ್ ಮತ್ತು ಟುಲಿಪ್ ಅವುಗಳಿಗೆ ಬಲು ಇಷ್ಟ. ಪದರದ ಕುಂಡದಲ್ಲಿ ಕ್ರೋಕಸ್ ಕೈಗೆಟಕುವಷ್ಟು ಮೇಲಿರುವುದರಿಂದ ನೆಟ್ಟ ರಾತ್ರಿಯೇ ಹೋಗಿಬಿಡಬಹುದು. ಹೊಸದಾಗಿ ಕೆದಕಿದ ಮಣ್ಣೇ ಅವುಗಳಿಗೆ ಆಹ್ವಾನ. ಸಣ್ಣ ಕಣ್ಣಿನ ತಂತಿ ಜಾಲರಿಯನ್ನು ಕುಂಡದ ಬಾಯಿಗೆ ಬಿಗಿದು ಅಂಚಿಗೆ ಮಡಚಿ ಕಟ್ಟಿ, ಚಿಗುರು ಎರಡು ಬೆರಳು ಬಂದಾಗ ತೆಗೆಯಿರಿ. ತೆಗೆಯಲು ತಡಮಾಡಿದರೆ ಎಲೆಗಳು ಕಣ್ಣುಗಳಲ್ಲಿ ಸಿಕ್ಕಿ ಹರಿಯುತ್ತವೆ. ಮೆಣಸಿನ ಪುಡಿ ಒಂದು ಮಳೆಗೆ ತೊಳೆದುಹೋಗುತ್ತದೆ, ಅದನ್ನು ನಂಬಿ ಕೂರುವಂತಿಲ್ಲ.

ಜಾಲರಿಯ ಗೊಡವೆ ಬೇಡವಾದರೆ ಕ್ರೋಕಸ್ ಬಿಟ್ಟು ಮೇಲಿನ ಪದರಕ್ಕೆ ಸ್ನೋಡ್ರಾಪ್ ಅಥವಾ ಮಸ್ಕರಿ ಹಾಕಿ. ಡ್ಯಾಫೊಡಿಲ್, ಸ್ನೋಡ್ರಾಪ್‌ಗಳಲ್ಲಿ ವಿಷದ ಅಂಶವಿರುವುದರಿಂದ ಇಲಿ ಅಳಿಲುಗಳು ಮುಟ್ಟುವುದಿಲ್ಲ.

ಚಳಿಗಾಲಕ್ಕೆ ಮೊದಲೇ ಎಲೆ ಬಂದುಬಿಟ್ಟಿದೆ! ಗಾಬರಿ ಆಗಬೇಕೇ?

ಸಣ್ಣಗೆ ಹುಲ್ಲಿನಂತಿದ್ದರೆ ಅದು ಮಸ್ಕರಿ. ಶರತ್ಕಾಲದಲ್ಲೇ ಎಲೆ ಬಿಡುವುದು ಅದರ ಸ್ವಭಾವ. ಹೂ ತನ್ನ ಹೊತ್ತಿಗೆ ಬರುತ್ತದೆ. ಡ್ಯಾಫೊಡಿಲ್‌ನ ಮೊಳಕೆಯ ತುದಿ ಕಂಡರೂ ತೊಂದರೆಯಿಲ್ಲ, ಚಳಿ ಬಿದ್ದೊಡನೆ ಅಲ್ಲಿಗೇ ನಿಲ್ಲುತ್ತದೆ.

ಎಲೆ ಬಂತು, ಹೂ ಬರಲಿಲ್ಲ. ಏಕೆ?

ಟುಲಿಪ್‌ನಲ್ಲಿ ಇದನ್ನು ಮೊದಲೇ ತಿಳಿಯಬಹುದು. ಒಂದು ಗೆಡ್ಡೆಯಿಂದ ಅಗಲವಾದ ಒಂದೇ ಎಲೆ ಬಂದು ನಿಂತರೆ ಆ ವರ್ಷ ಅದರಲ್ಲಿ ಹೂವಿಲ್ಲ. ಹೂ ಹೊತ್ತ ದಂಟಿಗೆ ಎರಡು ಮೂರು ಎಲೆ ಇರುತ್ತವೆ.

ಕಾರಣ ಸಾಮಾನ್ಯವಾಗಿ ಗೆಡ್ಡೆ ಚಿಕ್ಕದಿರುವುದು. ಗೆಡ್ಡೆಗಳನ್ನು ಸುತ್ತಳತೆಯ ಮೇಲೆ ಮಾರುತ್ತಾರೆ. ಟುಲಿಪ್ 12 ಸೆಂ.ಮೀ. ಅಥವಾ ಹೆಚ್ಚು, ದೊಡ್ಡ ಹಯಸಿಂತ್ 16 ಸೆಂ.ಮೀ.ಗೆ ಮೇಲೆ ಇದ್ದರೆ ನೆಮ್ಮದಿ. ಅಗ್ಗಕ್ಕೆ ಸಿಕ್ಕಿದ ದೊಡ್ಡ ಚೀಲದಲ್ಲಿ ಬಹುತೇಕ ಮರಿಗೆಡ್ಡೆಗಳೇ ಇರುತ್ತವೆ. ಕೊಳ್ಳುವಾಗ ಒತ್ತಿ ನೋಡಿ: ಗಟ್ಟಿಯಾಗಿರಬೇಕು, ಗಾತ್ರಕ್ಕೆ ತಕ್ಕ ಭಾರವಿರಬೇಕು. ಕಂದು ಸಿಪ್ಪೆ ಸುಲಿದಿದ್ದರೆ ಕೆಟ್ಟದ್ದೇನಲ್ಲ, ಮೆತ್ತಗಿದ್ದರೆ ಬಿಟ್ಟುಬಿಡಿ. ಗೆಡ್ಡೆ ಸರಿಯಿದ್ದೂ ಹೂ ಬರದಿದ್ದರೆ ಚಳಿ ಸಾಲದೆ ಹೋಗಿದೆ, ಹಣ್ಣಿನ ಅನಿಲ ತಾಗಿದೆ, ಅಥವಾ ಮೊಗ್ಗು ಬೆಳೆಯುವಾಗ ನೀರು ತಪ್ಪಿದೆ.

ಬಣ್ಣಗಳನ್ನು ಹೇಗೆ ಹೊಂದಿಸುವುದು?

ಇದು ಅವರವರ ಅಭಿರುಚಿ. ಆದರೆ ಒಂದು ಪದರಕ್ಕೆ ಒಂದೇ ತಳಿ ನೆಡಿ ಎಂದು ಒತ್ತಿ ಹೇಳುತ್ತೇವೆ. ಮಿಶ್ರ ಟುಲಿಪ್‌ಗಳ ಚೀಲದಲ್ಲಿ ಒಂದೊಂದೂ ಬೇರೆ ಬೇರೆ ವಾರ, ಬೇರೆ ಬೇರೆ ಎತ್ತರಕ್ಕೆ ಬರುತ್ತದೆ, ಕುಂಡ ಎಂದೂ ತುಂಬಿದಂತೆ ಕಾಣುವುದಿಲ್ಲ. ಹೂ ಮುಗಿಯುವ ಮತ್ತು ಶುರುವಾಗುವ ವಾರಗಳಲ್ಲಿ ಎರಡು ಪದರಗಳು ಜೊತೆಯಲ್ಲಿ ಅರಳಿರುತ್ತವೆ. ಬಣ್ಣ ಹೊಂದಬೇಕಾದದ್ದು ಆ ಅಕ್ಕಪಕ್ಕದ ಪದರಗಳ ನಡುವೆ ಮಾತ್ರ. ಕ್ರೋಕಸ್‌ಗೂ ತಡದ ಟುಲಿಪ್‌ಗೂ ಭೇಟಿಯೇ ಇಲ್ಲ.

ಟುಲಿಪ್ ಗಾಳಿಗೆ ಬಾಗಿ ಮುರಿಯುತ್ತದೆ.

ಎತ್ತರದ ತಡದ ತಳಿಗಳು 60 ಸೆಂ.ಮೀ.ವರೆಗೆ ಬೆಳೆಯುತ್ತವೆ. ಗಾಳಿ ಹೆಚ್ಚಿರುವ ಬಾಲ್ಕನಿಗೆ ಗ್ರೈಗಿ, ಕೌಫ್‌ಮನ್ನಿಯಾನಾ ಗುಂಪಿನ ಗಿಡ್ಡ ಟುಲಿಪ್ ಆರಿಸಿ. ಅವು ಬೇಗ ಅರಳುವುದರಿಂದ ಸರದಿ ಸ್ವಲ್ಪ ಮೊಟಕಾಗುತ್ತದೆ. ಒಂದೇ ಕಡೆಗೆ ವಾಲುತ್ತಿದ್ದರೆ ಅದು ಬೆಳಕಿಗಾಗಿ; ಕುಂಡವನ್ನು ಕೆಲವು ದಿನಕ್ಕೊಮ್ಮೆ ತಿರುಗಿಸಿ.

ಮನೆಯಲ್ಲಿ ಮಕ್ಕಳಿದ್ದಾರೆ, ನಾಯಿ ಇದೆ. ಅಪಾಯವಿದೆಯೇ?

ಇದೆ. ಡ್ಯಾಫೊಡಿಲ್ ಗೆಡ್ಡೆಯಲ್ಲಿ ಲೈಕೋರಿನ್ ಎಂಬ ವಿಷವಿದೆ, ತಿಂದರೆ ಜೋರು ವಾಂತಿಯಾಗುತ್ತದೆ. ನೋಡಲು ಈರುಳ್ಳಿಯಂತಿರುವುದರಿಂದ ಅಡುಗೆಮನೆಯ ಹತ್ತಿರ ಇಡಲೇಬೇಡಿ. ಫ್ರಿಜ್‌ನಲ್ಲಿಟ್ಟ ಚೀಲದ ಮೇಲೆ ದೊಡ್ಡದಾಗಿ ಬರೆಯಿರಿ. ಟುಲಿಪ್, ಹಯಸಿಂತ್ ಕೂಡ ತಿನ್ನುವಂಥವಲ್ಲ. ಹಯಸಿಂತ್ ಸಿಪ್ಪೆಯ ಧೂಳು ಚರ್ಮಕ್ಕೆ ತಾಗಿದರೆ ತುರಿಕೆಯಾಗುತ್ತದೆ, ಕೈಗವಸು ಹಾಕಿ. ನಾಯಿಗಳು ಹೊಸ ಕುಂಡವನ್ನು ಬಗೆಯುವುದು ಹೆಚ್ಚು. ಅಳಿಲಿಗೆ ಕಟ್ಟಿದ ಜಾಲರಿ ಇಲ್ಲೂ ಕೆಲಸ ಮಾಡುತ್ತದೆ. ತಿಂದಿರುವ ಅನುಮಾನ ಬಂದರೆ ಕಾಯದೆ ವೈದ್ಯರನ್ನೋ ಪಶುವೈದ್ಯರನ್ನೋ ಕಾಣಿ, ಗೆಡ್ಡೆಯ ತುಂಡನ್ನು ಜೊತೆಗೆ ಒಯ್ಯಿರಿ.

ಹೂ ಮುಗಿದ ಮೇಲೆ ಎಲೆ ಕತ್ತರಿಸಬಹುದೇ?

ಗೆಡ್ಡೆ ಮತ್ತೆ ಬೇಕಿದ್ದರೆ ಕತ್ತರಿಸಬೇಡಿ. ಬಾಡಿದ ಹೂವನ್ನು ಮಾತ್ರ ಚಿವುಟಿ, ಬೀಜ ಕಟ್ಟಲು ಬಿಡಬೇಡಿ. ಎಲೆಗಳು ತಾವಾಗಿ ಹಳದಿಯಾಗುವವರೆಗೆ, ಸುಮಾರು ಆರು ವಾರ, ಬಿಸಿಲಲ್ಲಿರಲಿ. ಮುಂದಿನ ವರ್ಷದ ಹೂವಿಗೆ ಬೇಕಾದ ಆಹಾರ ಈಗಲೇ ಕೆಳಗಿಳಿಯುವುದು. ಟೊಮೆಟೊಗೆ ಹಾಕುವಂಥ ಪೊಟ್ಯಾಶ್ ಹೆಚ್ಚಿರುವ ದ್ರವಗೊಬ್ಬರವನ್ನು ಒಂದೆರಡು ಸಲ ಕೊಡಿ. ಡ್ಯಾಫೊಡಿಲ್ ಎಲೆಗಳನ್ನು ಜಡೆ ಹೆಣೆದು ಗಂಟು ಕಟ್ಟುವ ಹಳೆಯ ಪದ್ಧತಿಯೊಂದಿದೆ. ನೋಡಲು ಚೆಂದ, ಆದರೆ ಎಲೆಗೆ ಬೆಳಕು ಬೀಳದಂತೆ ಮಾಡುವುದಷ್ಟೇ ಅದರ ಫಲ.

ಅದೇ ಕುಂಡ ಮುಂದಿನ ವರ್ಷ ಮತ್ತೆ ಹೂ ಬಿಡುತ್ತದೆಯೇ?

ಪೂರ್ತಿಯಾಗಿ ಇಲ್ಲ. ಟುಲಿಪ್‌ನ ತಾಯಿಗೆಡ್ಡೆ ಹೂ ಬಿಟ್ಟ ವರ್ಷವೇ ಕರಗಿಹೋಗಿ, ಅದರ ಜಾಗದಲ್ಲಿ ಮರಿಗೆಡ್ಡೆಗಳು ಹುಟ್ಟುತ್ತವೆ. ಇಕ್ಕಟ್ಟಾದ ಕುಂಡದಲ್ಲಿ ಅವು ಹೂ ಬಿಡುವಷ್ಟು ದಪ್ಪವಾಗುವುದು ಅಪರೂಪ. ಟುಲಿಪ್ ಪ್ರತಿವರ್ಷ ಹೊಸದು ಎಂದೇ ಲೆಕ್ಕ ಇಟ್ಟುಕೊಳ್ಳಿ. ಡ್ಯಾಫೊಡಿಲ್, ಮಸ್ಕರಿ, ಕ್ರೋಕಸ್ ಹಾಗಲ್ಲ. ತಂಪು ಚಳಿಗಾಲವಿರುವ ಕಡೆ ಎಲೆ ಒಣಗಿದ ಮೇಲೆ ಅವನ್ನು ತೆಗೆದು ನೆಲದಲ್ಲಿ ನೆಟ್ಟರೆ ವರ್ಷಗಟ್ಟಲೆ ಬರುತ್ತವೆ. ಫ್ರಿಜ್‌ನಲ್ಲಿ ಚಳಿ ಕೊಟ್ಟು ಬೆಳೆದವನ್ನು ಬಿಸಿ ಊರಿನಲ್ಲಿ ಉಳಿಸಿಕೊಳ್ಳುವ ಪ್ರಯತ್ನ ಸಾಮಾನ್ಯವಾಗಿ ಫಲ ಕೊಡುವುದಿಲ್ಲ.

ಹಳೆಯ ಮಣ್ಣನ್ನು ಮತ್ತೆ ಬಳಸಬಹುದೇ?

ಬೇರೆ ಗಿಡಗಳಿಗೆ ಧಾರಾಳವಾಗಿ ಬಳಸಿ. ಟುಲಿಪ್‌ಗೆ ಮಾತ್ರ ಬೇಡ. ಬೊಟ್ರೈಟಿಸ್ ಟುಲಿಪೇ ಎಂಬ ಶಿಲೀಂಧ್ರ ಎಲೆಗಳನ್ನು ಸುಟ್ಟಂತೆ ಮುರುಟಿಸಿ, ದಳಗಳ ಮೇಲೆ ಚುಕ್ಕೆ ಎಬ್ಬಿಸುತ್ತದೆ. ಅದರ ಕರಿ ಕಾಳುಗಳು ಮಣ್ಣಿನಲ್ಲಿ ಉಳಿದು ಮುಂದಿನ ಬೆಳೆಗೆ ಕಾಯುತ್ತಿರುತ್ತವೆ. ಅಂಥ ಗುರುತು ಕಂಡ ಕುಂಡದ ಗೆಡ್ಡೆ, ಎಲೆ ಎಲ್ಲವನ್ನೂ ಚೀಲಕ್ಕೆ ತುಂಬಿ ಕಸಕ್ಕೆ ಹಾಕಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಕುಂಡವನ್ನು ಬಿಸಿನೀರು, ಸೋಪು ಹಾಕಿ ಒಳಗೋಡೆಯವರೆಗೆ ತಿಕ್ಕಿ ತೊಳೆದು, ಬಿಸಿಲಲ್ಲಿ ಒಣಗಿಸಿ ಎತ್ತಿಡಿ.